ದೊಡ್ಡಮ್ಮನ ಮನೆಯ ತಪಾಸಣೆ

ನಾನು ಪುಕ್ಕಲ ಎಂದು ನನ್ನ ಹೆಂಡತಿ ಊರೆಲ್ಲ ಹೇಳಿಕೊಂಡು ತಿರುಗುತ್ತಾಳೆ. ಇದು ಶುದ್ಧ ಅನ್ಯಾಯ. ಹೆದರುವುದು ನನ್ನ ಉದ್ಯೋಗ. ನಾನು ಲಿಫ್ಟುಗಳ ತಪಾಸಣೆ ಮಾಡುವವನು. "ಏನೂ ಆಗಲ್ಲ ಸಾರ್, ಹತ್ತು ವರ್ಷದಿಂದ ಹೀಗೇ ಓಡ್ತಿದೆ" ಎಂದು ಯಾರಾದರೂ ಅಂದ ತಕ್ಷಣ ಆ ಲಿಫ್ಟಿನಿಂದ ಇಳಿದು ಮೆಟ್ಟಿಲು ಹಿಡಿಯುವುದಕ್ಕೇ ನನಗೆ ಸಂಬಳ ಕೊಡುತ್ತಾರೆ.

ಅಂಥವನ ಮನೆಯಲ್ಲಿ ಹನ್ನೊಂದು ತಿಂಗಳ ಮಗಳು. ಹೆಸರು ಉದ್ದವಾಗಿದೆ, ಕರೆಯುವುದು ಗುಂಡು ಎಂದು. ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಅವಳ ರಜೆ ಸೋಮವಾರಕ್ಕೆ ಮುಗಿಯುತ್ತಿತ್ತು. ಅಷ್ಟರೊಳಗೆ, ಹಗಲು ಹೊತ್ತು ಗುಂಡುವನ್ನು ತಮ್ಮ ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವವರು ಸಿಗಬೇಕಿತ್ತು. ಮೂರು ಮನೆ ನೋಡಿದೆವು. ಮೂರನ್ನೂ ನಾನೇ ಅನರ್ಹಗೊಳಿಸಿದೆ. ಮೊದಲನೆಯದರಲ್ಲಿ ಬೆಕ್ಕಿತ್ತು, ಅದು ನನ್ನನ್ನು ದುರುಗುಟ್ಟಿ ನೋಡಿತು. ಎರಡನೆಯ ಮನೆಯಾಕೆ ವಿಪರೀತ ನಗುತ್ತಿದ್ದರು. ಮೂರನೆಯಾಕೆ ನಗಲೇ ಇಲ್ಲ.

"ಇನ್ನು ಉಳಿದಿರೋದು ಒಂದೇ ಮನೆ," ಎಂದಳು ಹೆಂಡತಿ. "ಅಲ್ಲೂ ತಕರಾರು ತೆಗೆದ್ರೆ ಸೋಮವಾರ ಮಗೂನ ನಿಮ್ಮ ಹೆಗಲಿಗೇ ಕಟ್ಟಿ ಕಳಿಸ್ತೀನಿ. ಇಬ್ರೂ ಒಟ್ಟಿಗೆ ಲಿಫ್ಟಿನ ಹಳ್ಳಕ್ಕೆ ಇಳೀರಿ."

ಅವಳು ತಮಾಷೆಗೆ ಅಂದಳು. ನಾನು ಗುಂಡುವನ್ನು ಎತ್ತಿ ಎದೆಗವಚಿಕೊಂಡೆ. (ಆ ಹಳ್ಳ ಎಷ್ಟು ಆಳ ಎಂದು ಅವಳಿಗೇನು ಗೊತ್ತು!)

ನಾಲ್ಕನೆಯ ಮನೆಯಾಕೆಯನ್ನು ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಬಾಗಿಲು ತೆರೆದು, ಹೆಂಡತಿಯ ಕಂಕುಳಲ್ಲಿದ್ದ ಗುಂಡು, ನನ್ನ ಟಾರ್ಚು, ಸುತ್ತಿಗೆ, ಅಳತೆ ಟೇಪು, ಅರವತ್ತೆರಡು ಪ್ರಶ್ನೆಗಳ ಪಟ್ಟಿ ಎಲ್ಲವನ್ನೂ ಒಮ್ಮೆ ನೋಡಿ, "ಒಳಗೆ ನಡೀರಿ, ಬಾಗಿಲಲ್ಲಿ ನಿಲ್ಲಬೇಡಿ" ಎಂದರು.

ತಪಾಸಣೆ ಆರಂಭಿಸಿದೆ. ಪ್ಲಗ್ಗುಗಳಿಗೆ ಮುಚ್ಚಳ. ಮೇಜಿನ ಮೂಲೆಗಳಿಗೆ ಬಟ್ಟೆ. ಬಚ್ಚಲಲ್ಲಿ ಬಕೆಟ್ಟು ಬೋರಲು. ಫಿನಾಯಿಲು, ಔಷಧಿ ಎಲ್ಲ ಎತ್ತರದ ಕಪಾಟಿನಲ್ಲಿ, ಅದಕ್ಕೂ ಬೀಗ. ಒಂದೇ ಒಂದು ತಪ್ಪು ಸಿಗಲಿಲ್ಲ. ನಾನು ನಡುಗಿಹೋದೆ. ನನ್ನ ಕಸುಬಿನಲ್ಲಿ ಒಂದೂ ತಪ್ಪು ಸಿಗದ ಲಿಫ್ಟೆಂದರೆ ಯಾರೋ ಏನನ್ನೋ ಮುಚ್ಚಿಟ್ಟಿದ್ದಾರೆ ಎಂದೇ ಅರ್ಥ.

"ಮಗು ಬಿದ್ರೆ ಏನ್ಮಾಡ್ತೀರಿ?" ಎಂದು ಪಟ್ಟಿ ಹಿಡಿದು ಕೇಳಿದೆ.

"ಎತ್ಕೋತೀನಿ."

"ಅತ್ರೆ?"

"ಆಗ್ಲೂ ಎತ್ಕೋತೀನಿ."

"ಗಾಬರಿ ಬಿದ್ರೆ?"

"ಯಾರು, ಮಗೂನೋ ನೀವೋ?"

ಹೆಂಡತಿ ಕೆಮ್ಮಿದಳು. ನಗು ನುಂಗುವಾಗ ಅವಳಿಗೆ ಹಾಗೆ ಕೆಮ್ಮು ಬರುತ್ತದೆ.

ಕೊನೆಗೆ ಉಳಿದದ್ದು ಅಡುಗೆಮನೆಯ ಬಾಗಿಲಿಗೆ ಹಾಕಿದ್ದ, ಮರದ ಕಂಬಿಗಳ ಗಿಡ್ಡ ಗೇಟು. ಚಿಲಕ ಅಡುಗೆಮನೆಯ ಕಡೆಗಿತ್ತು. ಅಲ್ಲಿ ಒಲೆ, ಚಾಕು, ಬಿಸಿನೀರು. ನನ್ನ ಮಗಳ ಕೈ ಸಂದಿಯಲ್ಲಿ ತೂರಿ ಆ ಚಿಲಕಕ್ಕೆ ಎಟುಕಿಬಿಟ್ಟರೆ? ಭಾರ ಹಾಕಿ ನೋಡದೆ ಒಂದು ಲಿಫ್ಟನ್ನೂ ಪಾಸು ಮಾಡಿದವನಲ್ಲ ನಾನು. ಆದ್ದರಿಂದ ಗುಂಡುವಿನ ಎತ್ತರಕ್ಕೆ ಅಂಬೆಗಾಲಲ್ಲಿ ಕುಳಿತು, ಬೆರಳ ತುದಿಯಲ್ಲಿ ಟೇಪು ಹಿಡಿದು ಕೈಯನ್ನೇ ಕಂಬಿಗಳ ನಡುವೆ ತೂರಿಸಿದೆ. ಕೈ ಹೋಯಿತು. ಚಿಲಕ ಎಟುಕಲಿಲ್ಲ. ಪರಮಾನಂದವಾಯಿತು. ಕೈ ಹಿಂದಕ್ಕೆಳೆದೆ.

ಬರಲಿಲ್ಲ.

ಜೋರಾಗಿ ಎಳೆದೆ. ಊಹೂಂ. "ಗರಗಸ ತನ್ನಿ! ಯಾರನ್ನಾದ್ರೂ ಕರೀರಿ!" ಎಂದು ಕಿರುಚಿದೆ. ದೊಡ್ಡಮ್ಮ ನೋಡಿಕೊಳ್ಳುತ್ತಿದ್ದ ಐದು ಮಕ್ಕಳು ಬಂದು ಸುತ್ತ ಕುಳಿತವು. ಗುಂಡು ನನ್ನ ಬೆನ್ನು ಹಿಡಿದು ಎದ್ದು ನಿಂತು ಕೇಕೆ ಹಾಕಿದಳು. ನಿಜ ಹೇಳುತ್ತೇನೆ, ನನಗೆ ನನ್ನ ಕೈಯ ಚಿಂತೆಯಿರಲಿಲ್ಲ. ನಾಳೆ ಅವಳ ಕೈ ಎಲ್ಲೋ ಹೀಗೆ ಸಿಕ್ಕಿಕೊಂಡು ಅಳುತ್ತಿರುವಾಗ ನಾನು ಯಾವುದೋ ಕಟ್ಟಡದ ಒಂಬತ್ತನೇ ಮಹಡಿಯಲ್ಲಿದ್ದರೆ? ಕಣ್ಣಲ್ಲಿ ನೀರು ಬಂದೇಬಿಟ್ಟಿತು.

ದೊಡ್ಡಮ್ಮ ಓಡಿಬರಲಿಲ್ಲ. ನಿಧಾನವಾಗಿ ಬಂದು ನನ್ನ ಪಕ್ಕ ನೆಲಕ್ಕೆ ಕುಳಿತು ಬೆನ್ನ ಮೇಲೆ ಕೈಯಿಟ್ಟರು.

"ಆಯ್ತು, ಆಯ್ತು. ಕಿಟಕಿ ಆಚೆ ನೋಡಿ. ಕಾಗೆ ಎಷ್ಟಿವೆ?"

"ಮೂರು," ಎಂದು ಬಿಕ್ಕಿದೆ.

"ಸರಿಯಾಗಿ ಎಣಿಸಿ."

"ನಾಲ್ಕು."

"ಜಾಣ. ಈಗ ಕೈಲಿರೋ ಟೇಪು ಬಿಡಿ."

ಬಿಟ್ಟೆ. ಟೇಪು ಆಚೆ ಬಿತ್ತು. ಕೈ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಈಚೆ ಬಂತು. ಅಷ್ಟು ಹೊತ್ತೂ ಮುಷ್ಟಿ ಬಿಗಿದುಕೊಂಡು ಕೂತಿದ್ದವನು ನಾನೇ.

"ನಾನೂ ಮೊನ್ನೆ ಚೆಂಡು ಬಿಟ್ಟಿರ್ಲಿಲ್ಲ," ಎಂದು ಮೂರು ವರ್ಷದ ಪೋರಿಯೊಬ್ಬಳು ನನಗೆ ಸಮಾಧಾನ ಹೇಳಿದಳು.

ನಾನು ಮೂಗೊರೆಸಿಕೊಂಡು ಪಟ್ಟಿ ಹುಡುಕಿದೆ. ಇನ್ನೂ ಐವತ್ತೊಂಬತ್ತು ಪ್ರಶ್ನೆಗಳಿದ್ದವು.

"ಸಾಕು," ಎಂದಳು ಹೆಂಡತಿ. "ಗಾಬರಿ ಬಿದ್ರೆ ಏನ್ಮಾಡ್ತಾರೆ ಅಂತ ಕಣ್ಣಾರೆ ನೋಡಿದ್ನಲ್ಲ. ಸೋಮವಾರದಿಂದ ಗುಂಡು ಬರ್ತಾಳೆ, ದೊಡ್ಡಮ್ಮ."

ನಾನು ಪಟ್ಟಿ ಮಡಚಿ ಜೇಬಿಗೆ ಹಾಕಿಕೊಂಡೆ. ಭಯ ಹೋಗಿತ್ತೆಂದಲ್ಲ. ಆ ಕೈ ಬೆನ್ನ ಮೇಲಿದ್ದಷ್ಟು ಹೊತ್ತು ಕಡಿಮೆಯಾಗಿದ್ದು ಮಾತ್ರ ಸುಳ್ಳಲ್ಲ.

ದೊಡ್ಡಮ್ಮ ಒಂದು ಫಾರಂ ತಂದರು. ಸಂಜೆ ಮಗುವನ್ನು ಕರೆದೊಯ್ಯಲು ಯಾರ್ಯಾರು ಬರಬಹುದು, ಅವರ ಹೆಸರು ಬರೆಯಬೇಕು. ಅದರಲ್ಲಿಲ್ಲದವರು ಯಾರೇ ಬರಲಿ, ಮಗುವನ್ನು ಕೊಡುವುದಿಲ್ಲವಂತೆ. ಭೇಷ್! ಇಂಥ ಕಟ್ಟುನಿಟ್ಟನ್ನೇ ಅಲ್ಲವೇ ನಾನು ಮನೆ ಮನೆ ಅಲೆದು ಹುಡುಕಿದ್ದು! ಹೆಂಡತಿ ತನ್ನ ಹೆಸರು ಬರೆದಳು, ತಂಗಿಯ ಹೆಸರು ಬರೆದಳು, ಮೂರನೆಯದಾಗಿ ನನ್ನದು. ದೊಡ್ಡಮ್ಮ ಕನ್ನಡಕ ಏರಿಸಿ ಓದಿದರು. ಪೆನ್ನು ಈಸಿಕೊಂಡು ನನ್ನ ಹೆಸರಿನ ಮುಂದೆ ದುಂಡಗೆ ಏನೋ ಸೇರಿಸಿ, ಸಹಿಗೆಂದು ನನ್ನ ಕಡೆ ತಿರುಗಿಸಿದರು.

"ಜೊತೆಗೆ ದೊಡ್ಡವರು ಯಾರಾದರೂ ಇದ್ದರೆ ಮಾತ್ರ."