ಲೀಡ್ಸಿನಲ್ಲಿ ಬೀಳಬೇಕಿದ್ದ ಹಿಮ

ಗಂಡನಿಗೆ ಒಂದು ಹವ್ಯಾಸ ಇರಬೇಕೆಂದು ಹಂಬಲಿಸಿದವಳು ನಾನೇ. ಹಾಗಾಗಿ ಈಗ ಯಾರನ್ನೂ ದೂರುವಂತಿಲ್ಲ. ಲಂಡನ್ನಿನ ಕೆಂಟನ್ ಬಡಾವಣೆಯ ನಮ್ಮ ಬೀದಿಯ ಗಂಡಸರನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು. ಪಕ್ಕದ ಮನೆಯ ಗುಜರಾತಿ ಯಜಮಾನರು ಹಿತ್ತಲಲ್ಲಿ ಮೆಂತ್ಯಸೊಪ್ಪು ಬೆಳೆದು ಬೀದಿಗೆಲ್ಲ ಹಂಚುತ್ತಾರೆ. ಎದುರು ಮನೆಯಾತ ಭಾನುವಾರ ಬೆಳಿಗ್ಗೆ ಮೈಗಂಟಿದ ಚಡ್ಡಿ ತೊಟ್ಟು ಸೈಕಲ್ ಏರಿದರೆ ಮಧ್ಯಾಹ್ನ ಊಟದ ತನಕ ಮನೆಯವರ ತಂಟೆಗೇ ಬರುವುದಿಲ್ಲ. ನಮ್ಮ ಮನೆಯವರು ಮಾತ್ರ ಆಫೀಸಿನಿಂದ ಬಂದವರೇ ಸೋಫಾದಲ್ಲಿ ಕುಳಿತು, ನಾನು ಒಗ್ಗರಣೆಗೆ ಸಾಸಿವೆ ಹಾಕಿದ್ದು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ವಾಸನೆಯಲ್ಲೇ ಅಳೆಯುತ್ತಿದ್ದರು. "ಏನಾದ್ರೂ ಹಚ್ಕೊಳ್ಳಿ ರೀ" ಎಂದು ಬೆನ್ನುಬಿದ್ದೆ. ಅವರು ಹವಾಮಾನವನ್ನು ಹಚ್ಚಿಕೊಂಡರು.

ಅವರ ಊರು ವಿಜಯಪುರ. ಬೇಸಿಗೆಯಲ್ಲಿ ಅಲ್ಲಿ ಮುನ್ಸೂಚನೆ ಕೊಡುವುದಕ್ಕೆ ಯಾವ ಪಾಂಡಿತ್ಯವೂ ಬೇಡ. ಇವತ್ತು ಬಿಸಿಲು, ನಾಳೆ ಇನ್ನಷ್ಟು ಬಿಸಿಲು. ಅಂಥ ಕಡೆಯಿಂದ ಬಂದವರಿಗೆ ಇಲ್ಲಿನ ಚಳಿಗಾಲ ಮೊದಲು ಭಯ ಹುಟ್ಟಿಸಿತು, ಆಮೇಲೆ ಹುಚ್ಚು ಹಿಡಿಸಿತು. ಫೋನಿನ ತುಂಬ ಹವಾಮಾನದ ಆ್ಯಪುಗಳು. ನವೆಂಬರ್ ಬಂದರೆ ಸಾಕು, ಬ್ರಿಟನ್ನಿನ ಉತ್ತರ ಭಾಗವನ್ನು ಅವರೇ ಗುತ್ತಿಗೆ ಹಿಡಿದವರಂತೆ ಕಾಯುತ್ತಾರೆ. "ಇಲ್ನೋಡು ಶಾರದಾ, ಯುರೋಪಿನ ಹವಾಮಾನದ ಮಾಡೆಲ್ ಹಿಮ ಬೀಳತೈತಿ ಅಂತೈತಿ. ಅಮೆರಿಕದ್ದು ಇಲ್ಲ ಅಂತೈತಿ" ಎಂದು ತಟ್ಟೆಯ ಮುಂದೆ ಫೋನು ಹಿಡಿಯುತ್ತಾರೆ. ನಾನು ಯಾವುದಾದರೂ ಒಂದರ ಪಕ್ಷ ವಹಿಸುವ ತನಕ ಅನ್ನ ಕಲಸುವಂತಿಲ್ಲ. ಮಗಳು ಮೇಘನಾಗೆ ಹದಿನಾರು. ಅವಳಿಗೆ ಕನ್ನಡವೆಲ್ಲ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ. "ಡ್ಯಾಡ್, ಇಟ್ಸ್ ಜಸ್ಟ್ ವೆದರ್" ಎಂದು ಎದ್ದು ಹೋಗುತ್ತಾಳೆ. ನನಗೆ ಎದ್ದು ಹೋಗುವ ಭಾಗ್ಯವಿಲ್ಲ.

ಇದೆಲ್ಲ ಮನೆಯೊಳಗೇ ಇದ್ದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಆದರೆ ಕಳೆದ ಜನವರಿಯಲ್ಲಿ ಉತ್ತರದ ಲೀಡ್ಸಿನಲ್ಲಿರುವ ನನ್ನ ತಂಗಿ ಸುಧಾಳ ಸೀಮಂತ, ನಮ್ಮ ಮನೆಯವರ ಕಡೆಯ ಮಾತಿನಲ್ಲಿ ಕುಬಸ, ಒಂದು ಶನಿವಾರಕ್ಕೆ ನಿಗದಿಯಾಯಿತು. ಮೈಸೂರಿನಿಂದ ಅಮ್ಮ ಬರಬೇಕಿತ್ತು, ವೀಸಾ ಸಿಗಲಿಲ್ಲ. ತವರಿನ ಕಡೆಯಿಂದ ಬಳೆ ತೊಡಿಸಲು ಉಳಿದವಳು ನಾನೊಬ್ಬಳೇ. ವೆಂಬ್ಲಿಯ ಈಲಿಂಗ್ ರೋಡಿನಲ್ಲಿ ಅಂಗಡಿಯಿಂದಂಗಡಿಗೆ ಅಲೆದು ಹಸಿರು ಗಾಜಿನ ಬಳೆ ತಂದೆ. ಚಿಗಳಿ ಉಂಡೆ, ಕೊಬ್ಬರಿ ಮಿಠಾಯಿ ಮಾಡಿ ಡಬ್ಬಕ್ಕೆ ತುಂಬಿದೆ. ಸುಧಾಳಿಗೂ ಬೇಕಾದ ಲಂಡನ್ನಿನ ಎರಡು ಕುಟುಂಬಗಳು ನಮ್ಮ ಜೊತೆಗೇ ಕಾರಿನಲ್ಲಿ ಹೊರಡುವುದೆಂದು ಮಾತಾಗಿತ್ತು.

ಗುರುವಾರ ಸಂಜೆ ನಮ್ಮ ಮನೆಯವರು ಮುಖ ಗಂಭೀರ ಮಾಡಿಕೊಂಡು ಅಡುಗೆಮನೆಗೆ ಬಂದರು. ಹವಾಮಾನ ಇಲಾಖೆಯಿಂದ ಉತ್ತರಕ್ಕೆಲ್ಲ ಹಿಮದ ಹಳದಿ ಎಚ್ಚರಿಕೆ ಬಂದಿತ್ತು.

"ಶನಿವಾರ ಹೋಗೂದು ಆಗೂದಿಲ್ಲ. ಎಂ ಒನ್ ರಸ್ತೆ ಹಿಮದಾಗ ಮುಚ್ಚಿಹೋಗತೈತಿ."

"ಹಳದಿ ತಾನೇ? ಕೆಂಪು ಅಲ್ವಲ್ಲ?"

"ಇವತ್ತ ಹಳದಿ, ನಾಳೆ ಕೆಂಪ ಆಗತೈತಿ. ಕುಬಸ ಇನ್ನೊಂದ ವಾರ ಬಿಟ್ಟು ಮಾಡಿದ್ರ ಆಗೂದಿಲ್ಲೇನು?"

"ಹೊಟ್ಟೇಲಿರೋ ಮಗೂಗೆ ನೀವೇ ಫೋನ್ ಮಾಡಿ ಹೇಳಿ, ಒಂದು ವಾರ ತಡೀ ಅಂತ" ಎಂದೆ.

ಅವರು ಮಗುವಿಗೆ ಹೇಳಲಿಲ್ಲ. ಆ ಎರಡು ಕುಟುಂಬಗಳಿಗೆ ಹೇಳಿದರು. ಹಿಮ ಬೀಳುವ ಕಡೆಗೆಲ್ಲ ನೇರಳೆ ಬಣ್ಣ ಬಳಿದ ನಕ್ಷೆಯನ್ನು ವಾಟ್ಸಾಪಿಗೆ ಹಾಕಿ, 'ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗುವವರು ಯೋಚಿಸಿ' ಎಂದು ಕೆಳಗೆ ಬರೆದರು. ಹಾಗೆ ಬರೆದ ಮೇಲೆ ಯಾವ ಗಂಡಸು ಕಾರು ತೆಗೆದಾನು? ಇಬ್ಬರೂ ಕೈಮುಗಿದ ಚಿತ್ರ ಕಳಿಸಿ ತಪ್ಪಿಸಿಕೊಂಡರು. ಶುಕ್ರವಾರ ಸುಧಾ ಫೋನಿನಲ್ಲಿ, "ಅಕ್ಕಾ, ಹಾಗಾದ್ರೆ ನಮ್ಮ ಕಡೆಯೋರು ಯಾರೂ ಬರಲ್ವಾ?" ಎಂದಳು. ಅಳಲಿಲ್ಲ. ಅತ್ತಿದ್ದರೆ ಸಮಾಧಾನವನ್ನಾದರೂ ಹೇಳಬಹುದಿತ್ತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆ ಕ್ಷಣವೇ ಕುಳಿತು ರೈಲಿನ ಟಿಕೆಟ್ ಮಾಡಿದೆ.

ಶನಿವಾರ ಬೆಳಿಗ್ಗೆ ಬಳೆಯ ಪೆಟ್ಟಿಗೆಯನ್ನು ಎದೆಗವಚಿಕೊಂಡು ಲೀಡ್ಸ್ ರೈಲು ಹೊರಡುವ ಕಿಂಗ್ಸ್ ಕ್ರಾಸಿಗೆ ಹೋಗುವ ಟ್ಯೂಬ್ ರೈಲು ಹತ್ತಿದೆ. ನಮ್ಮ ಮನೆಯವರು ಸ್ಟೇಷನ್ನಿನ ತನಕ ಬಂದು, ಯುದ್ಧಕ್ಕೆ ಕಳಿಸುವವರ ಹಾಗೆ ಫ್ಲಾಸ್ಕು, ಕಂಬಳಿ ಕೊಟ್ಟರು. "ರೈಲು ನಡುದಾರ್ಯಾಗ ನಿಂತ್ರ ಕೆಳಗ ಇಳೀಬ್ಯಾಡ" ಎಂದರು.

ರೈಲು ಎಲ್ಲಿಯೂ ನಿಲ್ಲಲಿಲ್ಲ. ಉತ್ತರಕ್ಕೆ ಹೋದಷ್ಟೂ ಆಕಾಶ ತಿಳಿಯಾಗುತ್ತ ಹೋಯಿತು. ಲೀಡ್ಸಿನಲ್ಲಿ ಇಳಿದಾಗ ಕಣ್ಣು ಕುಕ್ಕುವ ಬಿಸಿಲು. ಚಳಿಯೇನೋ ಮೂಗು ಕಿತ್ತುಹೋಗುವಷ್ಟಿತ್ತು, ಆದರೆ ಹಿಮದ ಒಂದು ಚೂರೂ ಇರಲಿಲ್ಲ. ಸುಧಾ ಬಾಗಿಲಲ್ಲೇ ನನ್ನನ್ನು ತಬ್ಬಿಕೊಂಡಳು. ನಡುವೆ ಹೊಟ್ಟೆ ಅಡ್ಡ ಬಂದು ಇಬ್ಬರೂ ನಕ್ಕೆವು. ಅವಳ ಗಂಡ ಪ್ರಶಾಂತ ಬಿಸಿಬೇಳೆಬಾತಿಗೆ ಉಪ್ಪು ಹಾಕಲು ಮರೆತಿದ್ದ. ಅಕ್ಕಪಕ್ಕದ ನಾಲ್ಕೈದು ಹೆಂಗಸರು ಬಂದರು. ನಾನು ಅಮ್ಮನ ಜಾಗದಲ್ಲಿ ಕುಳಿತು, ಒಂದು ಬಳೆಯೂ ಒಡೆಯದಂತೆ ತೊಡಿಸಿದೆ. ಅಮ್ಮ ವಿಡಿಯೋದಲ್ಲಿ, "ಬಲಗೈಗೆ ಒಂದು ಜಾಸ್ತಿ ಹಾಕೇ" ಎಂದು ಕೂಗುತ್ತಲೇ ಇದ್ದಳು.

ಆರತಿ ಮುಗಿಯುವ ಹೊತ್ತಿಗೆ ಮೇಘನಾಳ ಕರೆ ಬಂತು. "ಮಮ್! ಇಟ್ಸ್ ಸ್ನೋಯಿಂಗ್! ಲೈಕ್, ಪ್ರಾಪರ್ ಸ್ನೋ! ಡ್ಯಾಡ್ ಇಸ್ ಜಸ್ಟ್ ಸ್ಟ್ಯಾಂಡಿಂಗ್ ದೇರ್!" ಫೋನಿನಲ್ಲಿ ನೋಡಿದರೆ ಕೆಂಟನ್ ಬೆಳ್ಳಗಾಗಿತ್ತು. ಪಕ್ಕದ ಮನೆಯ ಮೆಂತ್ಯದ ಮಡಿ ಕಾಣದಂತೆ ಮುಚ್ಚಿಹೋಗಿತ್ತು. ಅದರ ಮುಂದೆ ನಮ್ಮ ಮನೆಯವರು ಮಂಕಿ ಟೋಪಿ ಹಾಕಿಕೊಂಡು, ಯಾರದೋ ಮದುವೆ ದಿಬ್ಬಣ ದಾರಿ ತಪ್ಪಿ ತನ್ನ ಮನೆಗೆ ಬಂದಾಗ ಯಜಮಾನ ನಿಲ್ಲುವಂತೆ ನಿಂತಿದ್ದರು.

"ಹಿಮದ ಸಿಸ್ಟಮ್ಮು ದಕ್ಷಿಣಕ್ಕ ಜಾರೇತಿ" ಎಂದರು ಸಣ್ಣ ದನಿಯಲ್ಲಿ.

ಭಾನುವಾರ ಬೆಳಿಗ್ಗೆ ಮತ್ತೆ ಫೋನ್. "ಬಾಯ್ಲರ್ ನಿಂತೈತಿ. ಮನಿ ಅನ್ನೂದು ಫ್ರಿಜ್ ಆಗೇತಿ."

"ಹೊರಗಿನ ಪೈಪ್ ಹೆಪ್ಪುಗಟ್ಟಿರುತ್ತೆ. ಬಿಸಿನೀರು ಹುಯ್ಯಿರಿ."

"ಯಾವ ಪೈಪು?"

ಉತ್ತರ ಧ್ರುವದ ಗಾಳಿ ಯಾವ ಕಡೆಗೆ ತಿರುಗುತ್ತದೆಂದು ಬಲ್ಲವರಿಗೆ ಸ್ವಂತ ಅಡುಗೆಮನೆಯ ಹಿಂದಿನ ಪೈಪು ಗೊತ್ತಿರಲಿಲ್ಲ. ವಿಡಿಯೋದಲ್ಲಿ, "ಎಡಕ್ಕೆ, ಇನ್ನೂ ಎಡಕ್ಕೆ, ಅದು ಚರಂಡಿ ಕಣ್ರೀ" ಎಂದು ದಾರಿ ತೋರಿಸಿದೆ. ಬಾಯ್ಲರ್ ಗುಡುಗುಟ್ಟಿ ಹೊತ್ತಿಕೊಂಡಿತು. ನನಗಾದ ಆನಂದ ವರ್ಣಿಸಲಸಾಧ್ಯ.

ಲಂಡನ್ ಕಡೆಯ ಹಿಮದಿಂದಾಗಿ ಆ ದಿನದ ನನ್ನ ರೈಲು ರದ್ದಾಯಿತು. ಅದೇ ಟಿಕೆಟಿನಲ್ಲಿ ಸೋಮವಾರ ಹೋಗಬಹುದೆಂದು ರೈಲಿನವರು ಹೇಳಿದರು. ಸುಮ್ಮನೆ ಕುಳಿತು ಏನು ಮಾಡುವುದೆಂದು ಪ್ರಶಾಂತನ ಫೋನಿನಲ್ಲಿ ನಕ್ಷೆ ನೋಡಿದೆ. ಆಮೇಲೆ ನನ್ನ ಫೋನಿಗೂ ಒಂದು ಆ್ಯಪ್ ಇಳಿಸಿಕೊಂಡೆ, ಹೋಲಿಸಿ ನೋಡಲು ಇನ್ನೊಂದನ್ನು. ಸೋಮವಾರ ಬೆಳಿಗ್ಗೆ ಪ್ರಶಾಂತ ಕಾರಿನ ಕೀಲಿ ಹಿಡಿದು, "ಅತ್ತಿಗೆ, ಸ್ಟೇಷನ್ನಿಗೆ ಹೊರಡೋಣವಾ?" ಎಂದ. ನಾನು ಅವನಿಗೆ ನೇರಳೆ ಬಣ್ಣದ ಒಂದು ತೇಪೆ ತೋರಿಸಿ, ಗಾಳಿ ಪೂರ್ವಕ್ಕೆ ತಿರುಗಿದೆಯೆಂದೂ, ಇವತ್ತು ಯಾವ ರೈಲೂ ಲಂಡನ್ ಮುಟ್ಟುವುದಿಲ್ಲವೆಂದೂ ವಿವರಿಸಿದೆ. ನಾನು ಕೆಲಸ ಮಾಡುವ ಡಾಕ್ಟರ ಕ್ಲಿನಿಕ್ಕಿಗೂ ಫೋನ್ ಮಾಡಿ, ಹಿಮದಿಂದಾಗಿ ಬರಲಾಗುವುದಿಲ್ಲವೆಂದು ತಿಳಿಸಿದೆ. ರೈಲು ನಾನಿಲ್ಲದೆಯೇ ಹೇಳಿದ ಹೊತ್ತಿಗೆ ಹೊರಟು, ಹೇಳಿದ ಹೊತ್ತಿಗೆ ಲಂಡನ್ ಸೇರಿತು.

ಮಧ್ಯಾಹ್ನ ನಮ್ಮ ಮನೆಯವರ ಕರೆ. "ಎಲ್ಲಿ ಬಂದಿ?"

"ಲೀಡ್ಸಲ್ಲೇ ಇದೀನಿ. ಹಿಮ ಅಲ್ವಾ?"

"ಎಲ್ಲಿ ಹಿಮ? ಇಲ್ಲೆಲ್ಲ ಕರಗಿ ಬಿಸಿಲು ಬಿದ್ದೈತಿ. ನಿನಗ ಯಾರ ಹೇಳಿದ್ರು?"

ಸಿಗ್ನಲ್ ಸರಿಯಾಗಿಲ್ಲ ಎಂದು ಹೇಳಿ ಫೋನ್ ಇಟ್ಟೆ.