ದಂಡೆಯ ಮೇಲಿನ ಗಂಡ

ಹೆದರಿಕೆಯಲ್ಲಿ ಮರ್ಯಾದಸ್ಥ ಹೆದರಿಕೆ, ಮರ್ಯಾದೆಗೆಟ್ಟ ಹೆದರಿಕೆ ಎಂದು ಎರಡು ಜಾತಿಗಳಿವೆ. ಹುಲಿಗೆ, ಭೂಕಂಪಕ್ಕೆ, ಹೆಂಡತಿಗೆ ಹೆದರುವುದು ಮೊದಲನೆಯದು. ನಾಲ್ಕು ಜನರ ಮುಂದೆ ಹೇಳಿಕೊಂಡರೆ ಬೆನ್ನು ತಟ್ಟುತ್ತಾರೆ. ನನ್ನದು ಎರಡನೆಯದು. ಮೊಣಕಾಲಿಗಿಂತ ಮೇಲೆ ಬರುವ ನೀರೆಂದರೆ ನನಗೆ ಭಯ. ಇದಕ್ಕೆ ನಾನೊಬ್ಬನೇ ಹೊಣೆಯಲ್ಲ. ನಾನು ಹುಟ್ಟಿ ಬೆಳೆದದ್ದು ವಿಜಯಪುರದಲ್ಲಿ. ನಮ್ಮ ಓಣಿಯ ನಳಕ್ಕೆ ನೀರು ಬಂತೆಂದರೆ ಜನ ಉಣ್ಣುವ ತಾಟು ಬಿಟ್ಟು ಎದ್ದು ಓಡುತ್ತಿದ್ದರು. ನೀರನ್ನು ಕೊಡದಲ್ಲಿ ತುಂಬಿ ಮುಚ್ಚಿಡಬೇಕೆಂದು ಕಲಿತವನಿಗೆ, ಅದರೊಳಗೆ ತಾನೇ ಇಳಿದು ಕೈಕಾಲು ಬಡಿಯಬೇಕೆಂದು ಯಾರು ಹೇಳಿಕೊಡಬೇಕಿತ್ತು?

ಹೆಂಡತಿ ವಿದ್ಯಾ ಧಾರವಾಡದವಳು, ಕಾಲೇಜಿನಲ್ಲಿ ಈಜಿ ಬಹುಮಾನ ತಂದವಳು. ಈಗ ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಡಾಕ್ಟರು. ಕ್ವೀನ್ಸ್‌ಬರಿಯ ನಮ್ಮ ಮನೆಯಿಂದ ಬೇಸಿಗೆಯಲ್ಲಿ ಯಾವ ಕಡಲತೀರಕ್ಕೆ ಹೋದರೂ ಅವಳು ನೀರಿಗೆ, ನಾನು ದಂಡೆಗೆ. ಚಪ್ಪಲಿ, ಚೀಲ ಕಾಯುತ್ತ ಕೂತು, "ವಿದ್ಯಾ, ಸಾಕು, ದೂರ ಹೋಗಬ್ಯಾಡಾ!" ಎಂದು ಕೂಗುವುದು ನನ್ನ ಕೆಲಸ. ಪಕ್ಕದಲ್ಲಿ ಐಸ್‌ಕ್ರೀಮ್ ತಿನ್ನುತ್ತಿರುವ ಬಿಳಿಯರು ಬೆಚ್ಚಿ ನೋಡುತ್ತಾರೆ. ನೋಡಲಿ. ಮುಳುಗುವವಳು ಅವರ ಹೆಂಡತಿಯಲ್ಲ.

ಕಳೆದ ಚಳಿಗಾಲದಲ್ಲಿ ಒಂದು ಸಂಜೆ ವಿದ್ಯಾ ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದಳು. ಗ್ರೀಸಿನ ಯಾವುದೋ ದ್ವೀಪ. ಎರಡು ಬಂಡೆಗಳ ನಡುವೆ ನೀಲಿ ನೀರು, ಅಂಚಿಗೆ ಒಂದು ಹಿಡಿ ಬೆಣಚುಕಲ್ಲು.

"ಐವತ್ತು ತುಂಬೂದರೊಳಗ ನಾ ಇಲ್ಲಿ ಈಜಬೇಕ್ರೀ. ಆದರ ಒಬ್ಬಾಕೇ ಅಲ್ಲ."

"ನಾ ಇರ್ತೀನಲ್ಲ, ದಂಡೀ ಮ್ಯಾಲ."

"ಇಷ್ಟು ವರ್ಷ ಆತು, ಹೊಳ್ಳಿ ನೋಡಿದಾಗೆಲ್ಲ ನೀವು ಚಪ್ಪಲಿ ಕಾಯ್ಕೋತ ಕೂತಿರ್ತೀರಿ. ಒಮ್ಮೆರೆ ನನ್ನ ಜೋಡಿ ನೀರಾಗ ಬರ್ರಿ."

ತಮಾಷೆಗೆ ಹೇಳಿದ್ದರೆ ತಮಾಷೆಯಿಂದಲೇ ತಪ್ಪಿಸಿಕೊಳ್ಳುತ್ತಿದ್ದೆ. ಅವಳು ತಮಾಷೆಗೆ ಹೇಳಿರಲಿಲ್ಲ. ನನಗೆ ಸಂಕಟವಾಯಿತು, ಹೂಂ ಅಂದುಬಿಟ್ಟೆ.

ಆಮೇಲೆ ಮಗಳು ಅದಿತಿ ಸೇರಿಕೊಂಡಳು. ಅವಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಕಡಲು ಬಂಡೆಗಳ ನಡುವೆ ಒಳನುಗ್ಗಿದ ಇಂಥ ಪುಟ್ಟ ಕೋವ್‌ಗೆ ಕನ್ನಡದಲ್ಲಿ ಏನೆನ್ನುತ್ತಾರೆ ಎಂದು ಕೇಳಿದಳು. ಕನ್ನಡದ ಪ್ರಶ್ನೆ ಬಂದರೆ ನಾನು ಉಬ್ಬುತ್ತೇನೆ. "ಕೊಲ್ಲಿ" ಎಂದೆ.

"ಬಟ್ ಅಪ್ಪಾ, ಕೊಲ್ಲು ಮೀನ್ಸ್ ಕಿಲ್. ಸೋ ಕೊಲ್ಲಿ ಈಸ್... ಪ್ಲೀಸ್ ಕಿಲ್?"

ವ್ಯಾಕರಣ ಸರಿಯಾಗಿಯೇ ಇತ್ತು. ಅವಳ ಶನಿವಾರದ ಕನ್ನಡ ತರಗತಿಯ ಟೀಚರನ್ನು ಮೆಚ್ಚಬೇಕು. ಕೊಲ್ಲಲು ಹೇಳುವಾಗಲೂ ಬಹುವಚನ ಕೊಡುವ ಭಾಷೆ ನಮ್ಮದು. ಅಂದಿನಿಂದ ಆ ದ್ವೀಪದ ವರ್ಣನೆ ಓದಿದಾಗಲೆಲ್ಲ ತಲೆಯೊಳಗೆ ಅದು ಕನ್ನಡವಾಗತೊಡಗಿತು: ಬಲು ಚೆಂದದ ಕೊಲ್ಲಿ, ಸದ್ದುಗದ್ದಲವಿಲ್ಲದ ಕೊಲ್ಲಿ, ಕುಟುಂಬ ಸಮೇತ ಬನ್ನಿ, ಕೊಲ್ಲಿ. ನನಗೆ ನಿದ್ದೆ ಕಡಿಮೆಯಾಯಿತು.

ಕೌನ್ಸಿಲ್‌ನ ಈಜುಕೊಳದಲ್ಲಿ ದೊಡ್ಡವರ ತರಗತಿಗೆ ಸೇರಿದೆ. ಕಲಿಸುವಾಕೆ ನನ್ನ ಅಕ್ಕನ ವಯಸ್ಸಿನ ಇಂಗ್ಲಿಷ್ ಹೆಂಗಸು. ಮೊದಲ ದಿನ ನಮ್ಮನ್ನು ಸೊಂಟದ ನೀರಿನಲ್ಲಿ ನಿಲ್ಲಿಸಿ, ತಲೆಯನ್ನು ನೀರೊಳಗೆ ಹಾಕಿ ಎಂದಳು. ತಲೆ ನೀರೊಳಗೆ ಹಾಕುವ ವಿಧಾನ ನನಗೆ ಒಂದೇ ಗೊತ್ತು. ಸಂಕ್ರಾಂತಿಗೆ ಅವ್ವ ಕೂಡಲಸಂಗಮದಲ್ಲಿ ಜುಟ್ಟು ಹಿಡಿದು ಕಲಿಸಿದ್ದು. ಮೂಗು ಹಿಡಿದೆ, ಮೂರು ಸಲ ಮುಳುಗಿದೆ, ಮುಖ ಒರೆಸಿಕೊಂಡೆ, ಸೂರ್ಯನಿಲ್ಲದ್ದಕ್ಕೆ ಟ್ಯೂಬ್‌ಲೈಟಿಗೆ ಕೈಮುಗಿದು ಮೆಟ್ಟಿಲು ಹತ್ತಿ ಟವೆಲ್ಲಿಗೆ ಕೈಹಾಕಿದೆ. ಎಲ್ಲಿಗೆ ಹೊರಟಿರಿ ಎಂದು ಆಕೆ ಕೇಳಿದಾಗ, ಸ್ನಾನ ಮುಗಿಯಿತಲ್ಲ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು ತಿರುಗಿ ನೋಡುತ್ತೇನೆ: ನನ್ನ ಹಿಂದಿದ್ದ ನಿವೃತ್ತ ಬಸ್ ಡ್ರೈವರ್ ಇದೂ ಪಾಠವೆಂದು ತಿಳಿದು, ಮೂಗು ಹಿಡಿದು, ಭಕ್ತಿಯಿಂದ ಮೂರನೆಯ ಸಲ ಮುಳುಗುತ್ತಿದ್ದ.

ಹೀಗೆ ಶುರುವಾದವನು ಬೇಸಿಗೆಯ ಹೊತ್ತಿಗೆ ಬೆನ್ನ ಮೇಲೆ ತೇಲುವುದನ್ನಷ್ಟೇ ಕಲಿತೆ. ಮುಂದೆ ಹೋಗಲು ಬರುತ್ತಿರಲಿಲ್ಲ, ಹಿಂದೆ ಬರಲೂ ಬರುತ್ತಿರಲಿಲ್ಲ.

ದ್ವೀಪಕ್ಕೆ ಹೋದೆವು. ಅದಿತಿ ಗೆಳತಿಯರ ಜೊತೆ ಬೇರೆಡೆ ಹೋಗಿದ್ದಳು, ನಾವಿಬ್ಬರೇ. ಮೊದಲು ನೋಡಿದ ಮರಳದಂಡೆ ನನಗೆ ಬಹಳ ಹಿಡಿಸಿತು. ಎಷ್ಟು ದೂರ ನಡೆದರೂ ಮೊಣಕಾಲುದ್ದ ನೀರು. "ಇದು ಬಚ್ಚಲಾತು" ಎಂದು ವಿದ್ಯಾ ಮುಂದೆ ನಡೆದಳು. ಎರಡನೆಯದರಲ್ಲಿ ಅಲೆ ಜೋರು; ಅಲ್ಲಿ ನಾನೇ ಮುಂದೆ ನಡೆದೆ. ಆಡುಗಳು ಓಡಾಡುವ ಕಾಲುದಾರಿಯಲ್ಲಿ ಇಳಿದರೆ ಕೊನೆಗೆ ಫೋನಿನಲ್ಲಿದ್ದ ಅದೇ ಜಾಗ. ಬೆವರಿದ್ದೆವು. ನೀರು ನಿಜಕ್ಕೂ ಅಷ್ಟೇ ನೀಲಿ. ತಳದ ಕಲ್ಲುಗಳೆಲ್ಲ ಕಾಣುತ್ತಿದ್ದವು, ಎಷ್ಟು ಆಳ ಎನ್ನುವುದೂ ಸೇರಿ.

ವಿದ್ಯಾ ಕೈ ಹಿಡಿದು ಇಳಿಸಿದಳು. ಎದೆಮಟ್ಟ ಬಂದಾಗ ಕಣ್ಣು ಮುಚ್ಚಿ ಬೆನ್ನ ಮೇಲೆ ಮಲಗಿದೆ. ತೇಲಿದೆ! ಅವಳು ಮಗುವಿನಂತೆ ನಕ್ಕಳು, ಆಮೇಲೆ ಕೈ ಬಿಟ್ಟು ಈಜಿಕೊಂಡು ಹೋದಳು. ಕಿವಿ ನೀರಿನೊಳಗಿತ್ತು, ಲೋಕದ ಸದ್ದೇ ಇರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ನನಗೆ ಯಾವ ಚಿಂತೆಯೂ ಇರಲಿಲ್ಲ.

ಯಾರೋ ಭುಜ ಹಿಡಿದು ಅಲುಗಾಡಿಸಿದರು. ಎದ್ದು ನಿಂತು ನೋಡಿದರೆ ವಿದ್ಯಾ. ಏದುಸಿರು ಬಿಡುತ್ತಿದ್ದಳು, ಮುಖ ಬಿಳಿಚಿತ್ತು.

"ಯಾಕ ಕೂಗಲಿಲ್ಲ ನೀವು?"

"ನಾ ತೇಲಾಕತ್ತಿದ್ದೆ."

"ಆ ಬಂಡೆಗಲ್ಲು ದಾಟಿ ಹೋಗಿಬಿಟ್ಟಿದ್ದೆ. ಸೆಳವು ಭಾಳ ಇತ್ರೀ ಅಲ್ಲೆ. ಯಾವಾಗ್ಲೂ ನಿಮ್ಮ ದನಿ ಸಣ್ಣದಾದ ಕೂಡ್ಲೇ ಹೊಳ್ಳತಿದ್ದೆ. ಇವತ್ತು ದನೀನ ಇಲ್ಲ. ಎಷ್ಟು ದೂರ ಬಂದೀನಂತ ನನಗ ಹೆಂಗ ಗೊತ್ತಾಗಬೇಕು?"

ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಇಷ್ಟು ವರ್ಷ ನನ್ನ ಕೂಗಾಟ ಅವಳಿಗೆ ಕಿರಿಕಿರಿ ಎಂದೇ ತಿಳಿದಿದ್ದೆ. ಅವಳು ಅದನ್ನು ನೆಚ್ಚಿಕೊಂಡು ಈಜುತ್ತಿದ್ದಳು.

ಮರುದಿನದಿಂದ ಹೊಸ ಏರ್ಪಾಡು. ಮೊದಲು ಇಬ್ಬರೂ ಕೈಕೈ ಹಿಡಿದು ಸೊಂಟದ ನೀರಿನಲ್ಲಿ. ಆಮೇಲೆ, ಕಷ್ಟಪಟ್ಟು ತೇಲಲು ಕಲಿತ ನಾನು ಮತ್ತೆ ಬಂಡೆಯ ಮೇಲೆ. ಅವಳು ದೂರವಾಗುತ್ತಿದ್ದಂತೆ, "ವಿದ್ಯಾ, ಸಾಕು!" ಎಂದು ಕೂಗುತ್ತೇನೆ. ದನಿ ಮೊದಲಿಗಿಂತ ಜೋರಾಗಿಯೇ ಬರುತ್ತದೆ. ಆದರೆ ನೀರಿನ ರುಚಿ ಹತ್ತಿದ ಮೇಲೆ ಅದರಲ್ಲಿ ಮೊದಲಿನ ಗಾಬರಿ ಉಳಿದಿಲ್ಲ. ಎಲ್ಲಿ ಇದು ಅವಳಿಗೆ ಗೊತ್ತಾಗಿ, ನನ್ನ ಕೂಗನ್ನು ನೆಚ್ಚುವುದನ್ನೇ ಬಿಟ್ಟುಬಿಡುತ್ತಾಳೋ ಎಂದು ಈಗ ನನಗೆ ಹೆದರಿಕೆ.