ದೈತ್ಯರನ್ನು ಮುಂದೆ ಬಿಡುವ ಬಗೆ

ಫೋನಿನೊಳಗೆ ಕೋಟೆ ಕಟ್ಟುವ ಗಂಡಸು ಮನೆಯಲ್ಲಿದ್ದರೆ ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ನಾನು ಹತ್ತನೆಯ ತರಗತಿಯ ತನಕ ಓದಿದವಳು. ಕೂಸಿಗೆ ಉಣಿಸುತ್ತ, ನಮ್ಮ ಮನೆಯವರ ಪಕ್ಕ ಕೂತು, ಅವರು ಸೋಲುವುದನ್ನು ನೋಡಿ ನೋಡಿಯೇ ಆ ಆಟ ಕಲಿತೆ.

ಒಬ್ಬೊಬ್ಬರೇ

ಆಟ ಸರಳ. ಎದುರಿನವರ ಕೋಟೆಯ ಬುರುಜುಗಳನ್ನು ಒಡೆಯಬೇಕು. ನಮ್ಮ ಕಡೆ ಬಿಲ್ಲುಗಾರರಿರುತ್ತಾರೆ, ಒಂದೇ ಏಟಿಗೆ ಸಾಯುತ್ತಾರೆ. ದೈತ್ಯರಿರುತ್ತಾರೆ, ಎಷ್ಟು ಹೊಡೆದರೂ ಬೇಗ ಬೀಳುವುದಿಲ್ಲ. ಆದರೆ ನಡಿಗೆ ನಿಧಾನ, ಬುರುಜು ಬಿಟ್ಟು ಬೇರೇನೂ ಅವರ ಕಣ್ಣಿಗೆ ಕಾಣುವುದಿಲ್ಲ. ಮದುವೆ ಮನೆಯಲ್ಲಿ ಊಟದ ಪಂಕ್ತಿ ಕಂಡ ನಮ್ಮ ದೊಡ್ಡ ಮಾವನವರ ಹಾಗೆ.

ನಮ್ಮವರು ಇದ್ದ ಆರು ದೈತ್ಯರಲ್ಲಿ ಒಬ್ಬನನ್ನು ಬಿಡುತ್ತಿದ್ದರು. ಅವನು ಸತ್ತ ಮೇಲೆ ಇನ್ನೊಬ್ಬ.

"ಯಾಕ್ರಿ, ಆರೂ ಮಂದೀನ ಒಮ್ಮೆ ಬಿಡಬಾರದ?"

"ಉಳದಾವ್ರು ಇರಲಿ ಅಂತ."

"ಇದ್ದು ಏನ್ ಮಾಡ್ತಾರ? ಸತ್ತಾಂವನ ಮಣ್ಣಿಗೆ ಹೋಗ್ತಾರೇನ?"

ಬಸ್ಸಿನಲ್ಲಿ

ಸಿಂದಗಿಗೆ ಹೋಗಬೇಕೆಂದು ನಾನು, ಅತ್ತೆ, ಕೂಸು ಬಾಗೇವಾಡಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆವು. ಬಸ್ಸು ಬಂದದ್ದೇ ಜನ ಬಾಗಿಲಿಗೆ ಮುತ್ತಿದರು. ಅತ್ತೆಯದು ದೊಡ್ಡ ಮೈ. ಯಾರನ್ನೂ ತಳ್ಳಲಿಲ್ಲ, ಸುಮ್ಮನೆ ಬಾಗಿಲಿನತ್ತ ನಡೆದರು. ಮೊಣಕೈ, ಚೀಲ, ಬೈಗುಳ ಎಲ್ಲವೂ ಅವರಿಗೇ ಬಿದ್ದವು. ಅವರಿಗೆ ಏನೂ ಆಗಲಿಲ್ಲ. ಅವರ ಬೆನ್ನ ಹಿಂದಿದ್ದ ನಾನು ಕೂಸಿನ ಸಮೇತ ಅವರ ತೋಳಿನ ಕೆಳಗಿಂದ ನುಸುಳಿ ಕಿಟಕಿಯ ಸೀಟು ಹಿಡಿದೆ.

ಮನೆಗೆ ಬಂದು ಗಂಡನಿಗೆ ಹೇಳಿದೆ: "ದೈತ್ಯರನ್ನ ಮುಂದ ಬಿಡ್ರಿ, ಏಟು ಅವರು ತಿನ್ನಲಿ. ಬಿಲ್ಲಿನವರು ಹಿಂದಿಂದ ಹೊಡೀಲಿ. ದೈತ್ಯರನ್ನ ಒತ್ತಿ ನಿಲ್ಲಸಬ್ಯಾಡ್ರಿ, ಒಂದ ಗುಂಡಿಗೆ ಎಲ್ಲಾರೂ ಹೋಗ್ತಾರ."

"ಇದನ್ನ ಯಾರ ಕಲಿಸಿದ್ರು?"

"ನಿಮ್ಮವ್ವ."

ಮೂಲೆಯಲ್ಲಿ ತೊಗರಿ ಹಸನು ಮಾಡುತ್ತಿದ್ದ ಅತ್ತೆಯನ್ನು ಅವರು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು, "ಅವ್ವ ಯಾವಾಗ ಆಡಾಕತ್ಲು?"

ಪಂದ್ಯ

ನಾದಿನಿಯನ್ನು ಇಂಡಿಗೆ ಕೊಟ್ಟಿದ್ದೇವೆ. ಅವಳ ಗಂಡನಿಗೂ ಇದೇ ಹುಚ್ಚು. ಎಳ್ಳ ಅಮಾವಾಸ್ಯೆಗೆ ಎರಡೂ ಮನೆಯವರು ಹೂವಿನ ಹಿಪ್ಪರಗಿಯ ನಮ್ಮ ಹೊಲದಲ್ಲಿ ಸೇರಿ, ಭೂತಾಯಿಗೆ ಎಡೆಯ ಚರಗ ಚೆಲ್ಲಿ ಉಣ್ಣುತ್ತೇವೆ. ಈ ಸಲ ಇಬ್ಬರೂ ಪಂದ್ಯ ಕಟ್ಟಿದರು. ಅದರ ಹಿಂದಿನ ಭಾನುವಾರ ಮಧ್ಯಾಹ್ನ ಮೂರಕ್ಕೆ ಒಂದೇ ಆಟ. ಸೋತವನು ಎರಡೂ ಮನೆಗಾಗುವಷ್ಟು ಸಜ್ಜೆ ರೊಟ್ಟಿ ಬಡಿಯಬೇಕು.

"ನಿಮಗ ರೊಟ್ಟಿ ಬಡ್ಯಾಕ ಬರತೈತೇನ್ರಿ?"

"ಇಲ್ಲ."

"ಮತ್ತ?"

"ನೀ ಅದೀಯಲ್ಲ."

ಸಜ್ಜೆ ಹಿಟ್ಟು ಜೋಳದ ಹಿಟ್ಟಿನಂತಲ್ಲ, ತಟ್ಟುವಾಗ ಅಂಚು ಬಿರಿಯುತ್ತದೆ. ಅಷ್ಟು ರೊಟ್ಟಿ ಬಡಿದರೆ ಮರುದಿನ ಕೂಸನ್ನು ಎತ್ತಲು ತೋಳು ಬರುವುದಿಲ್ಲ. ಭಾನುವಾರ ಅವರು ಎಣ್ಣೆಗಾಯಿ ಉಂಡು ಎರಡೂವರೆಗೇ ನಿದ್ದೆಹೋದರು. ನಾನು ಎಬ್ಬಿಸಲಿಲ್ಲ. ಎಬ್ಬಿಸಿದರೆ ಆಡುತ್ತಾರೆ, ಆಡಿದರೆ ಸೋಲುತ್ತಾರೆ. ಇನ್ನೊಂದು ಹಚ್ಚಡ ಹೊದಿಸಿ ಫೋನು ತೆಗೆದುಕೊಂಡೆ.

ಮೂರು ಗಂಟೆ

ಮೂವರು ದೈತ್ಯರನ್ನು ಎಡಕ್ಕೆ, ಮೂವರನ್ನು ಬಲಕ್ಕೆ ಬಿಟ್ಟೆ. ಎದುರಿನ ಕೋಟೆಯ ತೋಪುಗಳೆಲ್ಲ ಅವರ ಕಡೆ ತಿರುಗಿದ ಮೇಲೆ ಬಿಲ್ಲುಗಾರರನ್ನು ಕಳಿಸಿದೆ. ಆದರೆ ಇಂಡಿಯವರು ಅಂದು ಎಂದಿನಂತಿರಲಿಲ್ಲ. ಅವರ ದೈತ್ಯರೂ ಅಗಲಕ್ಕೆ ನಿಂತು ಬಂದರು, ಹಿಂದೆ ಬಿಲ್ಲುಗಾರರು. ಎರಡೂ ಕೋಟೆಗಳಲ್ಲಿ ಒಂದೊಂದೇ ಬುರುಜು ಉಳಿಯಿತು. ನನ್ನ ಕೊನೆಯ ದೈತ್ಯ ಕುಂಟುತ್ತ ಹೋಗಿ ಅವರದನ್ನು ಮೊದಲು ಒಡೆದ.

ಕೂಡಲೇ ನಾದಿನಿಯ ಫೋನು ಬಂತು.

"ವೈನಿ, ಆಡಿದಾಕಿ ನೀನ ಅಲ್ಲ?"

"ಹೆಂಗ ಗೊತ್ತಾತು?"

"ನಮ್ಮಣ್ಣ ಇಷ್ಟೊತ್ತು ಬಾಳತಿದ್ದಿಲ್ಲ."

"ಅಲ್ಲಿ ಆಡಿದವರು?"

"ನಾನ. ಇವರಿಗೆ ಬಿಟ್ಟಿದ್ರ ರೊಟ್ಟಿ ನನ್ನ ತೆಲಿಗೆ ಬರತಿತ್ತು. ಈಗೂ ಬಂತು. ಆತು, ಬಡೀತೇನಿ."

ಗೆದ್ದದ್ದು ಅಷ್ಟೇನೂ ರುಚಿಸಲಿಲ್ಲ. ಅವಳ ಕೂಸಿಗೆ ಇನ್ನೂ ನಾಲ್ಕು ತಿಂಗಳು.

"ನಿನ್ನ ಗಂಡ ಏನ್ ಮಾಡಾಕತ್ತಾರ?"

"ಮಲಗ್ಯಾರ."

"ಇವರೂ ಮಲಗ್ಯಾರ. ಹಂಗಾದ್ರ ಆಟಕ್ಕ ಬರಲಾರದವರು ಇಬ್ಬರೂ ಸೋತಂಗ, ಹೌದಿಲ್ಲೊ?"

ಅವಳು ಕಿಸಕ್ಕನೆ ನಕ್ಕಳು. ಫೋನಿನಲ್ಲಿ ಎರಡೂ ಕಡೆಯ ಗೊರಕೆ ಸ್ಪಷ್ಟವಾಗಿ ಕೇಳುತ್ತಿತ್ತು.

ಕೊನೆಯ ದೈತ್ಯ

ಅಮಾವಾಸ್ಯೆಯ ಹಿಂದಿನ ದಿನ ಇಂಡಿಯವರು ಬಂದರು. ವಿಷಯ ಹೇಳಿದರೆ ಗಂಡಸರಿಬ್ಬರೂ ಒಪ್ಪಲಿಲ್ಲ. ನಾವಿಬ್ಬರು ಎಷ್ಟಾದರೂ ಬಿಲ್ಲುಗಾರರು. ಅತ್ತೆಯ ಹತ್ತಿರ ಹೋಗಿ ಒಂದೇ ಮಾತು ಹೇಳಿದೆ, "ಅತ್ತಿ, ಇವರಿಬ್ಬರೂ ರೊಟ್ಟಿ ಬಡೀತೇವಂತ ಮಾತು ಕೊಟ್ಟಾರ್ರಿ."

ಅತ್ತೆ ನಿಧಾನ ಎದ್ದರು. ಸೀದಾ ಗಂಡಸರಿದ್ದಲ್ಲಿಗೆ ನಡೆದರು. ನಾವು ಬೆನ್ನ ಹಿಂದೆ.

"ಅವ್ವಾ, ನಾ ಆಡೇ ಇಲ್ಲ," ಎಂದರು ನಮ್ಮವರು.

"ಮಾತು ಕೊಟ್ಟೀಯೋ ಇಲ್ಲೊ?"

"ಹಂಚಿಗೆ ಕೈ ಸುಡತೈತಿ."

"ನಂದು ಸುಡಾಕತ್ತು ನಲವತ್ತು ವರ್ಷ ಆತು. ಏಳು."

ಅಳಿಯನಿಗೆ ಹಾಗೆ ಹೇಳಲು ಬರುವುದಿಲ್ಲ. ಅತ್ತೆ ಅವರ ಎದುರಿಗೆ ಮಣೆ ಹಾಕಿಕೊಂಡು ಕೂತು ಸುಮ್ಮನೆ ನೋಡಿದರು. ಸ್ವಲ್ಪ ಹೊತ್ತಿಗೆ ಅಳಿಯನವರೇ ಅಂಗಿಯ ತೋಳು ಏರಿಸಿ ಹಿಟ್ಟಿಗೆ ಕೈ ಹಾಕಿದರು.

ಮರುದಿನ ಹೊಲದಲ್ಲಿ ಎಲ್ಲರೂ ಸಾಲಾಗಿ ಕೂತೆವು. ಅತ್ತೆ ಮೊದಲ ರೊಟ್ಟಿ ಎತ್ತಿಕೊಂಡು ಮುರಿಯಲು ನೋಡಿದರು. ಎರಡೂ ಕೈಯಿಂದ ನೋಡಿದರು. ಮೊಣಕಾಲಿಗೆ ಒತ್ತಿ ನೋಡಿದರು. ಕಡೆಗೆ ಅದನ್ನು ಮಗನ ಮುಂದಿಟ್ಟು ಅಂದರು:

"ಫೋನಿನ್ಯಾಗಿನ ಆ ದೊಡ್ಡಾಂವನ್ನ ಕರಿಯೋ ಯಪ್ಪಾ. ಇದನ್ನ ಒಡ್ಯಾಕ ಅಂವನ ಬೇಕು."